ಊಟದ ನಂತರದ ಪಾಠ

ಡಾಕ್ಟರರನ್ನು ವಿದ್ಯಾರ್ಥಿಗಳಾಗಿ ಕೂರಿಸಿದಲ್ಲೆಲ್ಲ ನಗುವ ಸಂಗತಿಗಳಿಗೆ ಬರವಿಲ್ಲ. ನಗುವ ಮನಸ್ಸಿಗಷ್ಟೇ ಬರ. ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನ ಕನ್ನಡ ಮಾಸ್ತರ. ಅಕ್ಷರ ದುಂಡಗಿವೆ, ಮೈಕಿನ ಮುಂದೆ ನಾಲಿಗೆ ತಡವರಿಸುವುದಿಲ್ಲ. ಈ ಎರಡು ಗುಣ ಇದ್ದವನನ್ನು ನಮ್ಮ ಕಡೆ ಯಾರೂ ಸುಮ್ಮನೆ ಬಿಡುವುದಿಲ್ಲ. ಬಸಿರು, ಹೆರಿಗೆ, ಹೆಂಗಸರ ಕಾಯಿಲೆ ನೋಡುವ ಡಾಕ್ಟರರಿಗೆ ಹೊಸದನ್ನು ಕಲಿಸುವ ಒಂದು ದಿನದ ತರಬೇತಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಸರದಿಯಂತೆ ನಡೆಯುತ್ತದೆ. ಅದರ ನಿರೂಪಣೆ ನನ್ನದು. ಪ್ರಮಾಣಪತ್ರ ಬರೆಯುವುದೂ ನನ್ನದು.

ಎರಡು ವರ್ಷದ ಹಿಂದೆ ನನ್ನ ಮಗಳು ಚೊಚ್ಚಲ ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ತೀರಿಕೊಂಡಳು. ಕೂಸು ಉಳಿಯಿತು. "ಸ್ವಲ್ಪ ಹೋಗತೈತ್ರಿ ಗುರುಗಳ, ಎಲ್ಲಾರಿಗೂ ಹೋಗತೈತಿ" ಎಂದು ಡಾಕ್ಟರು ಎರಡು ತಾಸು ಹೇಳುತ್ತಲೇ ಇದ್ದರು. ತರಬೇತಿಯಲ್ಲಿ ಹೆರಿಗೆಯ ನಂತರದ ರಕ್ತಸ್ರಾವದ ಪಾಠ ಯಾವಾಗಲೂ ಮಧ್ಯಾಹ್ನ ಊಟವಾದ ಮೇಲೆ. ಆ ಒಂದು ತಾಸು ಡಾಕ್ಟರರೆಲ್ಲ ಕೂತು ಕೇಳಬೇಕು. ನನಗೆ ಬೇಕಾದದ್ದು ಅಷ್ಟೇ. ಅದಕ್ಕೇ ಈ ಕೆಲಸ ಬಿಟ್ಟಿಲ್ಲ.

೧. ಸಹಿ

ನಿಪ್ಪಾಣಿಯಲ್ಲಿ ಹಾಜರಿ ಪುಸ್ತಕ ನನ್ನ ಮುಂದಿತ್ತು. ಬೆಳಗಿಗೆ ಒಂದು ಕಾಲಂ, ಮಧ್ಯಾಹ್ನಕ್ಕೆ ಒಂದು. ಡಾಕ್ಟರೊಬ್ಬರು ಬಂದವರೇ ಮರಾಠಿಯಲ್ಲಿ "ಕಾಯ್ ಗುರುಜಿ, ಪೆನ್ ದ್ಯಾ" ಎಂದು ನನ್ನ ಪೆನ್ನು ತೆಗೆದುಕೊಂಡು, ಬರದಿದ್ದ ಮೂವರು ಗೆಳೆಯರ ಸಹಿ ಮಾಡತೊಡಗಿದರು. ಎರಡೂ ಕಾಲಂಗಳಲ್ಲಿ.

"ಮಧ್ಯಾಹ್ನದ್ದು ಮಧ್ಯಾಹ್ನ ಮಾಡಬೇಕ್ರಿ ಸರ್," ಎಂದೆ.

"ಊಟಾ ಮಾಡಿದ್ರ ಸೈ ಬದಲಾಗತೈತೇನ್ರಿ?"

ಒಬ್ಬರದು ಓರೆ, ಒಬ್ಬರದಕ್ಕೆ ಕೆಳಗೆ ಗೆರೆ, ಇನ್ನೊಬ್ಬರದಕ್ಕೆ ಕೊನೆಯಲ್ಲಿ ಎರಡು ಚುಕ್ಕೆ. ಚಿತ್ರಕಲೆಯ ಪರೀಕ್ಷೆಯಾಗಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ. ಅಷ್ಟರಲ್ಲಿ ಚಹಾ ಬಂತು, ಅವರು ಎದ್ದು ಹೋದರು.

ಸಂಜೆ ಪುಸ್ತಕ ತಾಳೆ ನೋಡಿದೆ. ಬರದವರು ಮೂವರೂ ಇಡೀ ದಿನ ಹಾಜರಿದ್ದರು. ಬಂದು ಅವರ ಸಹಿ ಮಾಡಿದವರೊಬ್ಬರೇ ಗೈರುಹಾಜರು.

೨. ಚೀಲದ ಕೂಸು

ಪಾಠಕ್ಕೆ ಒಂದು ಪ್ಲಾಸ್ಟಿಕ್ ಹೊಟ್ಟೆ, ಒಂದು ರಬ್ಬರ್ ಕೂಸು ಬೇಕು. ಒಮ್ಮೆ ಅವನ್ನು ಅಥಣಿಯಿಂದ ಕಾಗವಾಡಕ್ಕೆ ಒಯ್ಯುವ ಕೆಲಸ ನನಗೇ ಬಂತು. ಡಾಕ್ಟರರ ಕಾರುಗಳಲ್ಲಿ ಜಾಗವಿರಲಿಲ್ಲ. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಚೀಲದ ಬಾಯಿ ಬಿಚ್ಚಿ ಕೂಸಿನ ಕಾಲು ಹೊರಗೆ ಬಂತು.

ಪಕ್ಕದಲ್ಲಿ ಕೊಕಟನೂರ ಎಲ್ಲಮ್ಮನಿಗೆ ಹೋಗಿ ಬರುತ್ತಿದ್ದ ಅಜ್ಜಿ, ಹಣೆ ತುಂಬ ಭಂಡಾರದ ಅರಿಸಿನ. "ಯಪ್ಪಾ, ಕೂಸಿನ್ನ ಚೀಲದಾಗ ತುರುಕೀಯಲ್ಲೋ! ಉಸರ ಹೆಂಗ ಆಡಬೇಕ ಅದು?" ಎಂದು ಕಾಲು ಹಿಡಿದು ಎಳೆದೇಬಿಟ್ಟಳು. ಕೂಸು ರಬ್ಬರಿನದು ಎಂದು ಗೊತ್ತಾದ ಮೇಲೆ ಚೀಲದೊಳಗೆ ಇಣುಕಿದಳು. "ಈ ಹೊಟ್ಟಿ ಯಾರದು?"

"ಡಾಕ್ಟರಗೋಳು ಕಲ್ಯಾಕ, ಆಯಿ. ಹಡದ ಮ್ಯಾಲ ರಕ್ತ ನಿಲ್ಲಸೂದು."

ಅಜ್ಜಿ ಆ ಹೊಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ತಿಕ್ಕತೊಡಗಿದಳು. "ಹಿಂಗ. ಒಳಗಿಂದು ತೆಂಗಿನಕಾಯಿ ಹಂಗ ಗಟ್ಟಿ ಆಗೂ ತನಕ ಕೈ ತಗೀಬಾರದು. ಆಗಲಿಲ್ಲಂದ್ರ ಲಗೂನ ಗಾಡಿ ತರಸಬೇಕು. ನೋಡೂಣು ನೋಡೂಣು ಅಂತ ಕುಂಡ್ರಬಾರದು."

ನಾಲ್ಕು ತರಬೇತಿಗಳಲ್ಲಿ ನಾನು ಕೇಳಿದ ಪಾಠದ ಮೊದಲ ಭಾಗವೂ ಇದೇ ಆಗಿತ್ತು. "ಎಲ್ಲಿ ಕಲ್ತಿ ಆಯಿ?" ಎಂದೆ.

"ಎಂಟ ಹಡದೇನಿ. ಮತ್ತೆಲ್ಲಿ ಕಲೀಲಿ?"

ಹಿಂದಿನ ಸೀಟಿನವರು ಎದ್ದು ನಿಂತು ನೋಡಿದರು, ಕಂಡಕ್ಟರ್ ಟಿಕೀಟು ಕೊಡುವುದನ್ನು ಬಿಟ್ಟು ನೋಡಿದ. ಪಾಠ ಮುಗಿಯುವವರೆಗೂ ಒಬ್ಬರೂ ಹೊರಗೆ ಹೋಗದ ಸಭೆಯನ್ನು ನಾನು ಕಂಡದ್ದು ಅದೊಂದೇ. ಬಸ್ಸು ಎಲ್ಲೂ ನಿಂತಿರಲಿಲ್ಲ.

೩. ಐದು ಸೌಟು

ರಾಯಬಾಗದಲ್ಲಿ ಊಟಕ್ಕೆ ಹೋಳಿಗೆ ಇತ್ತು. ಹೋಳಿಗೆ ಉಂಡ ಡಾಕ್ಟರರು ಸಭಾಂಗಣದ ಕಡೆ ತಿರುಗಿ ನೋಡಲಿಲ್ಲ. ಪಾಠ ಹೇಳಲು ದೂರದಿಂದ ಬಂದಿದ್ದ ಡಾಕ್ಟರಮ್ಮ ವೇದಿಕೆ ಏರಿದಾಗ ಎದುರಿಗಿದ್ದವರು ಮೂವರು: ನಾನು, ಮೈಕಿನವ, ಪಾತ್ರೆ ಎಣಿಸಲು ಬಂದ ಅಡಿಗೆಯವ.

ಆಕೆ ಖಾಲಿ ಕುರ್ಚಿಗಳತ್ತ ಒಮ್ಮೆ ನೋಡಿದರು. ಆಮೇಲೆ "ನಿಮಗೇ ಹೇಳತೇನಿ ಕೂಡ್ರಿ" ಎಂದು ಪೂರ್ತಿ ಪಾಠ ಮಾಡಿದರು. ಹರಿಯುವ ರಕ್ತವನ್ನು ಕಣ್ಣಂದಾಜಿನಲ್ಲಿ ನೋಡಿದವರು ಯಾವಾಗಲೂ ಕಡಿಮೆ ಅಂದುಕೊಳ್ಳುತ್ತಾರೆ, ಅರ್ಧ ಲೀಟರು ದಾಟಿತೆಂದರೆ ಕಾಯಬಾರದು ಎಂದರು.

ಅಡಿಗೆಯವ ಕೈ ಎತ್ತಿದ. "ಅಂದ್ರ ನನ್ನ ಸಾರಿನ ಸೌಟಿನ್ಯಾಗ ಐದ ಸೌಟ ಆತ್ರಿ ಡಾಕ್ಟರ ಬಾಯಾರ. ಐದ ಸೌಟ ಚೆಲ್ಲಿದ್ರ ನನಗ ಕಣ್ಣ ಮುಚ್ಚಿದ್ರೂ ತಿಳೀತೈತ್ರಿ. ಈ ಡಾಕ್ಟರಗೋಳಿಗೆ ಹೆಂಗ ತಿಳ್ಯೂದಿಲ್ಲ?"

ನಾನು ಎದ್ದು ರೂಢಿಯಂತೆ ವಂದನಾರ್ಪಣೆ ಓದಿದೆ. ಓದುತ್ತ ಹೋದ ಹಾಗೆ, "ಇಷ್ಟು ದೊಡ್ಡ ಸಂಖ್ಯೆಯಲ್ಲಿ ಆಗಮಿಸಿದ ತಮಗೆಲ್ಲರಿಗೂ" ಎಂಬ ಸಾಲೂ ಬಂತು. ಬರೆದದ್ದನ್ನು ಬಿಟ್ಟು ಓದುವ ಅಭ್ಯಾಸ ನನಗಿಲ್ಲ. ಮೈಕಿನವ ಅಡಿಗೆಯವನ ಕಡೆ ತಿರುಗಿ ಕೈಮುಗಿದ.

೪. ಇದ್ದದ್ದು ಇದ್ದ ಹಾಗೆ

ಪ್ರಮಾಣಪತ್ರಗಳನ್ನು ತರಬೇತಿಯ ಮರುದಿನ ಬರೆದು ಕಳಿಸುವುದು ಪದ್ಧತಿ. ಚಿಕ್ಕೋಡಿಯ ತರಬೇತಿಯಾದ ಮೇಲೆ, ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕೆಂದು ತೀರ್ಮಾನಿಸಿದೆ. ಮಕ್ಕಳಿಗೆ ನಾನು ಹೇಳಿಕೊಡುವುದೂ ಅದನ್ನೇ. ಒಳ್ಳೆಯ ಕಪ್ಪು ಶಾಯಿಯಲ್ಲಿ ಬರೆದೆ:

"ಇವರು ಬೆಳಗಿನ ಉಪಾಹಾರದಿಂದ ಮಧ್ಯಾಹ್ನದ ಊಟದವರೆಗೆ ಹಾಜರಿದ್ದು, ಹೆರಿಗೆಯ ನಂತರದ ರಕ್ತಸ್ರಾವವನ್ನು ನಿಲ್ಲಿಸುವ ಪಾಠ ಆರಂಭವಾಗುವ ಮೊದಲೇ ಹೊರಟುಹೋದರೆಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ."

ಡಾಕ್ಟರರ ಸಂಘದ ಅಧ್ಯಕ್ಷರು ಪ್ರಮಾಣಪತ್ರಗಳ ಇಡೀ ಕಂತೆಗೆ ಕುಳಿತಲ್ಲೇ ಸಹಿ ಹಾಕಿದರು. ಅವರದೂ ಅದರಲ್ಲಿತ್ತು.

ಒಂದು ವಾರ ಬೈಗುಳಕ್ಕೆ ಕಾದೆ. ಮೂವರು ಫೋನು ಮಾಡಿದರು. ಮೂವರೂ ಹೇಳಿದ್ದು ಒಂದೇ: "ಅಕ್ಷರ ಮುತ್ತಿನಂಗ ಅದಾವ್ರಿ ಗುರುಗಳ."

೫. ಜಿಲೇಬಿ

ಮುಂದಿನ ತರಬೇತಿ ಅಥಣಿಯಲ್ಲಿ. ಆಮಂತ್ರಣ ಕೊಡಲು ಆಸ್ಪತ್ರೆಗಳಿಗೆ ತಿರುಗುವಾಗ, ನನ್ನ ಮಗಳ ಹೆರಿಗೆ ಮಾಡಿಸಿದ ಡಾಕ್ಟರರಲ್ಲಿಗೂ ಹೋಗಬೇಕಾಯಿತು. ಹೊರಗಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ನನ್ನ ಅಕ್ಷರ. ಅದರ ಕೆಳಗೆ ಮುಗಳಖೋಡದ ಒಬ್ಬ ತುಂಬು ಬಸುರಿ. ಹೊತ್ತು ಹೋಗಲೆಂದು ಅದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು.

"ಅಂದ್ರ ಉಂಡ ಕೂಡ್ಲೆ ಎದ್ದಾರ?" ಎಂದಳು ಅತ್ತೆ.

"ಹಂಗ ಬರದೈತ್ರಿ ಅತ್ತಿ."

ಡಾಕ್ಟರು ಹೊರಗೆ ಬಂದರು. ಎಲ್ಲರೂ ಗೋಡೆ ನೋಡುತ್ತಿದ್ದುದರಿಂದ ತಾವೂ ನೋಡಿದರು. ಮೊದಲ ಸಲ ಓದಿದರು. ಆಮೇಲೆ ನನ್ನನ್ನು ನೋಡಿದರು. "ಇದೇನ್ರಿ ಗುರುಗಳ?"

"ತಪ್ಪಿದ್ರ ಹೇಳ್ರಿ ಸರ್. ತಿದ್ದಿ ಕೊಡತೇನಿ."

ಅತ್ತೆಯೇ ಕೇಳಿದಳು: "ಸಾಹೇಬ್ರ, ಆ ಪಾಠ ಮತ್ತ ಯಾವಾಗ ಐತ್ರಿ? ನಮ್ಮ ಸೊಸಿದು ಮುಂದಿನ ತಿಂಗಳ ಐತಿ. ಅದರೊಳಗ ಕಲಕೊಂಡ ಬಂದಬಿಡ್ರಿ."

ಆಮಂತ್ರಣ ನನ್ನ ಕೈಯಲ್ಲೇ ಇತ್ತು. ಕೊಟ್ಟೆ.

ಅಥಣಿಯಲ್ಲಿ ಊಟವಾದ ಮೇಲೆ ಆ ಡಾಕ್ಟರು ಬಂದು ಮೊದಲ ಸಾಲಿನಲ್ಲಿ ಕೂತರು. ಅವರ ಹಿಂದಿನ ಕುರ್ಚಿಯಲ್ಲಿ, ನನ್ನ ಪಕ್ಕಕ್ಕೆ, ಮುಗಳಖೋಡದ ಅತ್ತೆ. ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬಾಗಿಲಲ್ಲಿ ತಡೆದಿದ್ದರಂತೆ. "ನಾ ಹೊರಗಿನಾಕಿ ಅಲ್ರಿ, ಹೆರಿಗಿ ನಮ್ಮ ಮನ್ಯಾಗ ಐತಿ" ಎಂದು ಒಳಗೆ ಬಂದಿದ್ದಳು.

ರಾಯಬಾಗಕ್ಕೆ ಬಂದಿದ್ದ ಡಾಕ್ಟರಮ್ಮನೇ ಇಲ್ಲಿಯೂ ಪಾಠ ಹೇಳುವವರು. ಈ ಡಾಕ್ಟರರನ್ನು ಮುಂದೆ ಕರೆದು ಪ್ಲಾಸ್ಟಿಕ್ ಹೊಟ್ಟೆಯ ಮೇಲೆ ಕೈ ಇಡಿಸಿದರು. ಅವರು ತಿಕ್ಕತೊಡಗಿದರು. ಅತ್ತೆ ನನ್ನ ಕಡೆ ವಾಲಿ ಪಿಸುಗುಟ್ಟಿದಳು. ಹೊಲದಲ್ಲಿ ಕೂಗಿ ರೂಢಿಯಾದವರ ಪಿಸುಮಾತು, ಇಡೀ ಸಭಾಂಗಣಕ್ಕೆ ಕೇಳಿಸಿತು.

"ನೀವ್ಯಾಕ ಕುಂತೀರಿ ಗುರುಗಳ? ನಿಮ್ಮ ಮನ್ಯಾಗೂ ಹೆರಿಗಿ ಐತೇನ್ರಿ?"

"ಆಗೇತ್ರಿ. ಮಗಳದು. ಎರಡ ವರ್ಷಾತು."

"ಪೇಢೇನೋ, ಜಿಲೇಬಿನೋ?" ನಮ್ಮ ಕಡೆ ಗಂಡು ಹುಟ್ಟಿದರೆ ಪೇಢೆ ಹಂಚುತ್ತಾರೆ, ಹೆಣ್ಣು ಹುಟ್ಟಿದರೆ ಜಿಲೇಬಿ.

"ಜಿಲೇಬಿ."

"ಹಂಚಿದ್ರಿಲ್ಲೋ?"

"ಇಲ್ರಿ. ಹಂಚೂದು ಆಗಲಿಲ್ಲ."

"ಹೆಣ್ಣ ಅಂತ ಹಂಚಲಿಲ್ಲೇನು? ಮಾಸ್ತರಾಗಿ ನಾಚಿಕಿ ಬರಬೇಕ ನೋಡ್ರಿ ನಿಮಗ!"

ಯಾರೋ ನಕ್ಕರು. ಮುಂದೆ ಡಾಕ್ಟರರ ಕೈ ನಿಂತುಬಿಟ್ಟಿತ್ತು.

"ಯಾಕ ನಿಲ್ಲಿಸಿದ್ರಿ ಡಾಕ್ಟರ?" ಎಂದರು ಏನೂ ಅರಿಯದ ಡಾಕ್ಟರಮ್ಮ. "ಗಟ್ಟಿ ಆಗೂ ತನಕ ಕೈ ತಗೀಬಾರದ್ರಿ."