ತಿಂಗಳಿಗೆ ಹನ್ನೆರಡು ತಿಳಿವಳಿಕೆ

ಅಳೆಯಲು ಬಾರದ್ದನ್ನು ಅಳೆಯಲು ಹೊರಟ ಯಾವ ಆಫೀಸಿನಲ್ಲೂ ನಗುವಿಗೆ ಬರ ಇರುವುದಿಲ್ಲ. ನಮ್ಮಲ್ಲಂತೂ ವಾರಕ್ಕೊಂದು ಗ್ಯಾರಂಟಿ.

ನಮ್ಮದು ರೇಷ್ಮೆ ಹುಳು ಸಾಕುವವರು, ನೂಲು ತೆಗೆಯುವವರು, ನೇಯುವವರು ಎಲ್ಲ ಸೇರಿ ಮಾಡಿಕೊಂಡ ಸಂಘ. ಕೊಳ್ಳೇಗಾಲದಲ್ಲಿ ಮುಖ್ಯ ಆಫೀಸು, ಅದರ ಹಿಂದೆ ಮಗ್ಗದ ಶೆಡ್ಡು. ಹನೂರು, ಯಳಂದೂರುಗಳಲ್ಲಿ ಒಂದೊಂದು ಶಾಖೆ. ನಮ್ಮ ಕಾರ್ಯದರ್ಶಿಗಳು ಮೈಸೂರಿಗೆ ಮೂರು ದಿನದ ತರಬೇತಿಗೆ ಹೋಗಿ ಬಂದರು. ಬಂದವರೇ 'ಜ್ಞಾನ ನಿರ್ವಹಣಾ ತಂಡ' ಅಂತ ಒಂದು ಬೋರ್ಡು ಬರೆಸಿ, ಅದರ ಕೆಳಗೆ ನಮ್ಮ ಮೂವರನ್ನು ಕೂರಿಸಿದರು. ಅನುಭವಸ್ಥರ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ, ಬೇಕಾದವರಿಗೆ ಬೇಕಾದಾಗ ಸಿಗುವಂತೆ ಮಾಡುವುದು ನಮ್ಮ ಕೆಲಸ.

ಮೂವರಲ್ಲಿ ಮೊದಲನೆಯವನು ನಾನು, ಸಂಘದ ಸ್ಟೋರ್ ನೋಡಿಕೊಂಡೇ ತಲೆ ನರೆಸಿಕೊಂಡವನು. ಎರಡನೆಯವರು ಹನೂರು ಶಾಖೆಯ ಫೀಲ್ಡ್‌ಮ್ಯಾನ್. ಮೂರನೆಯವರು ಯಳಂದೂರಿನ ಒಬ್ಬ ಹೆಣ್ಣುಮಗಳು, ಒಂದು ವರ್ಷದ ಒಪ್ಪಂದದ ಮೇಲೆ ಬಂದವರು. ಬರೆಯುವ ಕೆಲಸ ಹೆಚ್ಚಾಗಿ ಅವರದೇ. ವರ್ಷದ ಕೊನೆಗೆ ಗುರಿ ಮುಟ್ಟಿದರೆ ಒಪ್ಪಂದ ಮುಂದುವರಿಯುತ್ತದೆ, ಇಲ್ಲದಿದ್ದರೆ ತಂಡ ಬರಖಾಸ್ತು. ನಮ್ಮಿಬ್ಬರಿಗೆ ಹಳೇ ಕುರ್ಚಿಗಳು ಕಾದಿದ್ದವು. ಆಕೆ ಮಾತ್ರ ಈ ಕೆಲಸವನ್ನೇ ನಂಬಿ ಮಗಳನ್ನು ಕೊಳ್ಳೇಗಾಲದ ಶಾಲೆಗೆ ಸೇರಿಸಿ, ದಿನಾ ಬೆಳಗ್ಗೆ ತಮ್ಮ ಜೊತೆಗೇ ಬಸ್ಸಿನಲ್ಲಿ ಕರೆತರುತ್ತಿದ್ದರು. ನಾನು ಸುಲಭಕ್ಕೆ ಕರಗುವ ಆಸಾಮಿಯಲ್ಲ. ಆದರೂ ಇದು ನೆನಪಾದಾಗ ಗುರಿಗಳ ಪಟ್ಟಿ ನೋಡಿ ನಗುವುದಕ್ಕೆ ಕೊಂಚ ಸಂಕೋಚವಾಗುತ್ತಿತ್ತು.

೧. ಸೊನ್ನೆಯಿಂದ ಶುರು

ಮೊದಲ ಮೀಟಿಂಗಿಗೆ 'ಸದಸ್ಯರ ತಿಳಿವಳಿಕೆ ಹೆಚ್ಚಿಸುವುದು' ಎಂದು ಗುರಿ ಬರೆದುಕೊಂಡು ಹೋಗಿದ್ದೆ. ಕಾರ್ಯದರ್ಶಿಗಳು ಅದರ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು.

"ಎಷ್ಟು ಹೆಚ್ಚಿಸ್ತೀರಿ? ನಂಬರ್ ಎಲ್ಲಿ?"

"ಎಷ್ಟಾಗುತ್ತೋ ಅಷ್ಟು ಸರ್."

"ಈಗ ಎಷ್ಟಿದೆ ಅಂತ ಗೊತ್ತಿಲ್ದೆ, ಹೆಚ್ಚಾಯ್ತು ಅಂತ ಹೆಂಗ್ರೀ ಹೇಳ್ತೀರಿ? ಮೊದ್ಲು ಇರೋದನ್ನ ಅಳೀರಿ."

ಸರಿ, ಇಪ್ಪತ್ತು ಪ್ರಶ್ನೆಗಳ ಒಂದು ಹಾಳೆ ಮಾಡಿಕೊಂಡು ಮುಳ್ಳೂರಿಗೆ ಹೋದೆವು. ಅಲ್ಲಿ ಸೇರಿದ್ದವರೆಲ್ಲ ಚಿಕ್ಕಂದಿನಿಂದ ಹುಳು ಸಾಕಿದವರು. ಹಾಳೆಗಳು ತಿರುಗಿ ಬಂದಾಗ ನೋಡುತ್ತೇನೆ, ಇಪ್ಪತ್ತಕ್ಕೆ ಇಪ್ಪತ್ತೂ 'ಗೊತ್ತಿಲ್ಲ'. ಒಬ್ಬರದಲ್ಲ, ಎಲ್ಲರದೂ. ಅರ್ಧ ಊರಿಗೆ ಹುಳು ಸಾಕುವುದನ್ನು ಹೇಳಿಕೊಟ್ಟ ಹಿರಿಯರೊಬ್ಬರಿದ್ದರು. ಅವರದೂ ಅದೇ ಉತ್ತರ.

"ಯಜಮಾನ್ರೇ, ಹುಳಕ್ಕೆ ಎಳೇ ಸೊಪ್ಪು ಯಾವಾಗ, ಬಲಿತ ಸೊಪ್ಪು ಯಾವಾಗ ಅಂತ ನಿಮಗೂ ಗೊತ್ತಿಲ್ವೇ?" ಅಂದೆ.

ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಸುಮ್ನಿರಿ ಸಾ. ಏನೂ ಗೊತ್ತಿಲ್ದೋರ್ಗೆ ಆಫೀಸ್ನೋರು ಏನೋ ಕೊಡ್ತಾರಂತೆ. ಗೊತ್ತು ಅಂತ ಬರ್ದು ಯಾಕ್ ಕೆಡಾನೆ?"

"ಏನು ಕೊಡ್ತಾರಂತೆ?"

"ಅದ್ಕೂ ಗೊತ್ತಿಲ್ಲ ಅಂತ್ಲೇ ಬರ್ಕಳಿ."

ನಾವು ಸೊನ್ನೆ ಹಿಡಿದುಕೊಂಡು ಹೆದರುತ್ತ ಬಂದೆವು. ಕಾರ್ಯದರ್ಶಿಗಳಿಗೆ ಮಾತ್ರ ಬಹಳ ಸಂತೋಷವಾಯಿತು. "ಒಳ್ಳೇದಾಯ್ತು ಬಿಡ್ರಿ," ಅಂದರು, "ಇನ್ನು ಇಳಿಯೋಕೆ ಜಾಗವೇ ಇಲ್ಲ."

೨. ನೋಡಿದರೆ ಗೊತ್ತಾಗುತ್ತದೆ

ಎರಡನೇ ಗುರಿ, ತಲಾ ತಿಂಗಳಿಗೆ ಹನ್ನೆರಡು 'ಅನುಭವ ಟಿಪ್ಪಣಿ'. ಒಂದು ಟಿಪ್ಪಣಿ ಅಂದರೆ ಒಂದು ಪ್ರಶ್ನೆ, ಅನುಭವಸ್ಥರಿಂದ ಪಡೆದ ಒಂದು ಉತ್ತರ. ಹನ್ನೆರಡೇ ಯಾಕೆ ಎಂದು ಕೇಳಿದ್ದಕ್ಕೆ, ಡಜನ್ ಅಂದರೆ ಎಣಿಸಲು ಸುಲಭ ಅಂದರು.

ಹನೂರಿನ ಫೀಲ್ಡ್‌ಮ್ಯಾನ್ ತಿಂಗಳಿಡೀ ಮದುವೆ, ಗೃಹಪ್ರವೇಶ ಅಂತ ಓಡಾಡಿಕೊಂಡಿದ್ದವರು, ಕೊನೇ ದಿನ ಮಧ್ಯಾಹ್ನ ಊಟವಾದ ಮೇಲೆ ಒಬ್ಬ ಅಜ್ಜನ ಜಗಲಿಯ ಮೇಲೆ ಹೋಗಿ ಕೂತರು.

"ಅಜ್ಜೋ, ಹುಳ ಅಣ್ಣಾಗದೆ ಅಂತ ಎಂಗ್ ತಿಳ್ಕಳಾದು?" ಅಂದರೆ, ಹುಳು ಗೂಡು ಕಟ್ಟಲು ಸಿದ್ಧವಾಯಿತೆಂದು ತಿಳಿಯುವುದು ಹೇಗೆ ಎಂದು.

"ನೋಡುದ್ರೆ ಗೊತ್ತಾಯ್ತದೆ ಕಣ್ಲಾ."

"ಏನ ನೋಡ್ಬೇಕು?"

"ಹುಳವ."

ಇದಕ್ಕಿಂತ ಹೆಚ್ಚು ಹೊರಡಲಿಲ್ಲ. ಆದರೆ ಉತ್ತರ ಉತ್ತರವೇ. ಫೀಲ್ಡ್‌ಮ್ಯಾನ್ ಬುದ್ಧಿವಂತರು, ಪ್ರಶ್ನೆಗಳನ್ನಷ್ಟೇ ಬದಲಾಯಿಸುತ್ತ ಹೋದರು. ಸೊಪ್ಪು ಬಲಿತಿದೆಯೇ? ನೋಡಿದರೆ ಗೊತ್ತಾಗುತ್ತದೆ. ಗೂಡು ಗಟ್ಟಿಯಾಗಿದೆಯೇ? ನೋಡಿದರೆ ಗೊತ್ತಾಗುತ್ತದೆ. ಹುಳಕ್ಕೆ ರೋಗವೇ? ಹುಳು ಸಾಕುವ ಮನೆಗೆ ಗಾಳಿ ಸಾಲದೇ? ಅದೇ ಉತ್ತರ. ಸಂಜೆ ಬಸ್ಸಿಗೆ ಮುಂಚೆ ಹನ್ನೊಂದು ಟಿಪ್ಪಣಿ ಆಗಿಹೋದವು. ಹನ್ನೆರಡನೆಯದಕ್ಕೆ ಪ್ರಶ್ನೆ ಹೊಳೆಯಲಿಲ್ಲ. ನೀನೇ ಒಂದು ಹೇಳಜ್ಜ ಅಂದರಂತೆ.

ಆ ಹನ್ನೆರಡನೇ ಟಿಪ್ಪಣಿ ಈಗಲೂ ಫೈಲಿನಲ್ಲಿದೆ. ಪ್ರಶ್ನೆ: ಆಫೀಸಿನವರು ಬರುತ್ತಿದ್ದಾರೆಂದು ತಿಳಿಯುವುದು ಹೇಗೆ? ಉತ್ತರ: ನೋಡದಿದ್ದರೂ ಗೊತ್ತಾಗುತ್ತದೆ, ನಾಯಿ ಬೊಗಳುತ್ತದೆ.

ಆ ತಿಂಗಳ ಪರಿಶೀಲನೆಯಲ್ಲಿ 'ವಿಧಾನವನ್ನು ಸ್ಪಷ್ಟವಾಗಿ ವಿವರಿಸಿದ ಟಿಪ್ಪಣಿ' ಎಂದು ಆಯ್ಕೆಯಾದದ್ದು ಅದೊಂದೇ.

೩. ಎರಡನೇ ಪ್ಯಾರಾ

ಬರೆದರೆ ಸಾಲದು, ಓದಿಸಬೇಕು. ಮೂರನೇ ಗುರಿ, ಪ್ರತಿ ಟಿಪ್ಪಣಿಯನ್ನೂ ಪ್ರತಿ ಶಾಖೆಯಲ್ಲಿ ಕನಿಷ್ಠ ಹತ್ತು ಜನ ಓದಿರಬೇಕು. ಓದಿದ್ದಕ್ಕೆ ಸಾಕ್ಷಿಯಾಗಿ ಜೊತೆಗಿಟ್ಟ ಹಾಳೆಯಲ್ಲಿ ಸೈನ್ ಮತ್ತು ಅಭಿಪ್ರಾಯ.

ಯಳಂದೂರು ಶಾಖೆಯವರು ಮರ್ಯಾದಸ್ಥರು. ಯಾವ ಸುತ್ತೋಲೆ ಹೋದರೂ ಸೈನ್ ಮಾಡಿ ಅದೇ ದಿನ ಕಳಿಸುತ್ತಾರೆ. ಒಂದು ಸಲ ನಮ್ಮ ಪ್ರಿಂಟರಿನ ಶಾಯಿ ಮುಗಿದಿತ್ತು. ನಮ್ಮ ತಂಡದ ಹೆಣ್ಣುಮಗಳು ಬಸ್ಸಿನ ಅವಸರದಲ್ಲಿ ಬಿಳೀ ಹಾಳೆಯನ್ನೇ ಪಿನ್ ಮಾಡಿ, ಟಿಪ್ಪಣಿ ಎಂದು ಲಕೋಟೆಗೆ ಹಾಕಿ ಕಳಿಸಿಬಿಟ್ಟರು. ಮರುದಿನ ಗೊತ್ತಾಗಿ ಕೈ ಕೈ ಹಿಸುಕಿಕೊಂಡರು.

"ಸರ್, ನನ್ನಿಂದ ಇದೊಂದು ಗುರಿ ಹೋಯ್ತು. ಈಗಲೇ ಫೋನ್ ಮಾಡಿ ಹೇಳಿಬಿಡ್ಲಾ?"

"ತಡಿಯಮ್ಮ, ಏನು ಬರುತ್ತೋ ನೋಡೋಣ," ಅಂದೆ.

ಬಂತು. ಹದಿನಾಲ್ಕು ಸೈನ್. ಹತ್ತಕ್ಕಿಂತ ನಾಲ್ಕು ಹೆಚ್ಚು. ಒಬ್ಬರು 'ಉಪಯುಕ್ತ ಮಾಹಿತಿ' ಎಂದು ಬರೆದಿದ್ದರು. ಇನ್ನೊಬ್ಬರು 'ಇಂಥವು ಇನ್ನೂ ಬರಲಿ' ಎಂದಿದ್ದರು. ಶಾಖೆಯ ಗುಮಾಸ್ತರು ಮಾತ್ರ ಕಟ್ಟುನಿಟ್ಟಿನ ಮನುಷ್ಯ, ಮುಲಾಜಿಲ್ಲದೆ ಬರೆದಿದ್ದರು: 'ಚೆನ್ನಾಗಿದೆ. ಆದರೆ ಎರಡನೇ ಪ್ಯಾರಾ ಉದ್ದವಾಯಿತು.'

೪. ಕೇಳಿದ್ದನ್ನೇ ಕೇಳುವುದು

ಸದಸ್ಯರು ಆಫೀಸಿಗೆ ಫೋನ್ ಮಾಡಿ ಕೇಳಿದ್ದನ್ನೇ ಕೇಳುವುದು ಅರ್ಧಕ್ಕೆ ಇಳಿಯಬೇಕು ಎಂಬುದು ನಾಲ್ಕನೇ ಗುರಿ. ನೂಲು ತೆಗೆಯುವ ಒಬ್ಬ ಅಜ್ಜಿ ಇದ್ದರು. ಗೂಡು ಬೇಯಿಸುವ ನೀರು ಎಷ್ಟು ಬಿಸಿ ಇರಬೇಕು ಎಂದು ವಾರಕ್ಕೊಂದು ಸಲ ಕೇಳುತ್ತಿದ್ದರು. ಅದಕ್ಕೆಂದೇ ಒಂದು ಟಿಪ್ಪಣಿ ಬರೆದು ಅವರ ಮನೆಗೇ ಮುಟ್ಟಿಸಿದೆವು. ಮಾರನೇ ದಿನದಿಂದ ವಾರಕ್ಕೆ ಎರಡು ಸಲ ಫೋನ್.

"ಅಜ್ಜಿ, ಆ ಕಾಗ್ದದಲ್ಲಿ ಎಲ್ಲಾ ಇದೆಯಲ್ಲ, ಓದಿಸ್ಕೊಳ್ಳಲಿಲ್ವಾ?"

"ಓದುಸ್ಕಂಡೆ ಕಣಪ್ಪ. ಮೊದ್ಲು ನೀನ್ ಏಳಾದ ಕೇಳ್ಕತೀನಿ. ಆಮೇಲೆ ಕಾಗ್ದದಲ್ಲಿರಾದೂ ಅದೇನಾ ಅಂತ ಕೇಳಾಕೆ ಇನ್ನೊಂದ್ಸತಿ ಮಾಡ್ತೀನಿ."

೫. ಮೇಸ್ತ್ರಿಯ ತಿಳಿವಳಿಕೆ

ಹೀಗೆ ಒಂದು ಗುರಿ ಮುಟ್ಟಿ, ಒಂದು ತಪ್ಪಿ, ವರ್ಷ ಮುಗಿಯುತ್ತ ಬಂತು. ಉಳಿದದ್ದು ಒಂದೇ, ಅದೇ ದೊಡ್ಡದು. ಮಗ್ಗದ ಮೇಸ್ತ್ರಿ ಇನ್ನು ಮೂರು ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಶೆಡ್ಡಿನ ಅಷ್ಟೂ ಮಗ್ಗಗಳ ರಿಪೇರಿ ಅವರೊಬ್ಬರಿಗೇ ಗೊತ್ತು. ಅವರ ತಿಳಿವಳಿಕೆ ಪೂರ್ತಿ ಕಾಗದಕ್ಕೆ ಇಳಿಯಬೇಕು. ಇಳಿದಿದೆಯೇ ಎಂದು ಸಂಘದ ಅಧ್ಯಕ್ಷರೇ ಬಂದು ಪರೀಕ್ಷಿಸುತ್ತಾರೆ. ಮಗ್ಗದ ಗಂಧ ಗಾಳಿ ಇಲ್ಲದ ಒಬ್ಬರು ಟಿಪ್ಪಣಿ ನೋಡಿಕೊಂಡೇ ಕೆಟ್ಟ ಮಗ್ಗ ಸರಿಮಾಡಬೇಕು. ಮಾಡಿದರೆ ಒಪ್ಪಂದ ಮುಂದುವರಿಯುತ್ತದೆ. ಇಲ್ಲವಾದರೆ ಆ ಹೆಣ್ಣುಮಗಳು ಮನೆಗೆ.

ಮೇಸ್ತ್ರಿಯ ಬಾಯಿಂದ ಮಾತು ಹೊರಡಿಸುವುದು ಸಾಮಾನ್ಯ ಕೆಲಸವಲ್ಲ. "ಇದನ್ನ ಹೆಂಗೆ ಬಿಗಿ ಮಾಡ್ತೀರಿ?" ಅಂದರೆ "ಇಂಗೆ" ಅನ್ನುವರು. "ಇಂಗೆ ಅಂದ್ರೆ ಹೆಂಗೆ?" ಅಂದರೆ "ಇಂಗೇ ಕಣವ್ವ." ಆಕೆ ಬಿಡಲಿಲ್ಲ. ಎರಡು ತಿಂಗಳು ಅವರ ಪಕ್ಕದಲ್ಲೇ ನಿಂತು ಕೈ ನೋಡಿ ಬರೆದರು. 'ಹೆಬ್ಬೆರಳಿನ ಅರ್ಧ ಉಗುರಿನಷ್ಟು ಎತ್ತಬೇಕು.' 'ಬಡಿದಾಗ ಟಕ್ ಎಂದರೆ ಸರಿ, ಟಪ್ ಎಂದರೆ ಇನ್ನೊಂದು ಸುತ್ತು.' ಒಟ್ಟು ಹದಿನೇಳು ಹಂತ, ನಾಲ್ಕು ಪುಟ. ಇಷ್ಟು ವರ್ಷದಲ್ಲಿ ನಮ್ಮ ಆಫೀಸಿನಲ್ಲಿ ನಾನು ಓದಿದ ಒಳ್ಳೆಯ ಬರವಣಿಗೆ ಅದೊಂದೇ.

ಪರೀಕ್ಷೆಯ ದಿನ ಬೆಳಗ್ಗೆ ಒಂದು ತೊಡಕು. ಕೆಟ್ಟ ಮಗ್ಗವೇ ಇರಲಿಲ್ಲ. ಎಲ್ಲವನ್ನೂ ಮೇಸ್ತ್ರಿ ಸರಿಯಾಗಿಟ್ಟಿದ್ದರು. "ಒಂದನ್ನ ನೀವೇ ಸ್ವಲ್ಪ ಕೆಡಿಸಿಕೊಡಿ," ಎಂದು ಕಾರ್ಯದರ್ಶಿಗಳು ಕೇಳಿದರು.

ಮೇಸ್ತ್ರಿಗೆ ಸಿಟ್ಟೇ ಬಂತು. "ವರ್ಸ್ವರ್ಸಾ ಆಯುಧಪೂಜೇಲಿ ಕುಂಕುಮ ಇಕ್ಕಿ ಕೈ ಮುಗಿಯಾ ಮಗ್ಗವ ಕೈಯಾರ ಕೆಡ್ಸಾದಾ ಸಾ? ನನ್ ಕೈಲಾಗಲ್ಲ. ನಾನದ ಕಲ್ತೇ ಇಲ್ಲ." ಹೇಳಿ ಹೊರಗೆ ಹೋಗಿ ಕಿಟಕಿಗೆ ಬೆನ್ನು ಹಾಕಿ ಕೂತರು.

ಕೆಡಿಸುವ ಭಾರ ನನ್ನ ಮತ್ತು ಫೀಲ್ಡ್‌ಮ್ಯಾನ್ ಮೇಲೆ ಬಿತ್ತು. ಕೆಡಿಸುವುದು ನಮಗೂ ಬರುತ್ತಿರಲಿಲ್ಲ. ಕೊನೆಗೆ ಆ ಟಿಪ್ಪಣಿಯನ್ನೇ ಹಿಡಿದು, ಹದಿನೇಳನೇ ಹಂತದಿಂದ ಒಂದರವರೆಗೆ ತಿರುವುಮುರುವಾಗಿ ಮಾಡುತ್ತ ಬಂದೆವು. ಬಿಗಿ ಮಾಡು ಎಂದಲ್ಲಿ ಸಡಿಲಿಸಿದೆವು, ಎತ್ತು ಎಂದಲ್ಲಿ ಇಳಿಸಿದೆವು. ಅರ್ಧ ಗಂಟೆಯಲ್ಲಿ ಮಗ್ಗ ಅಚ್ಚುಕಟ್ಟಾಗಿ ಕೆಟ್ಟಿತು.

ಅಧ್ಯಕ್ಷರು ಬಂದರು. ರಿಪೇರಿಗೆ ಆಯ್ಕೆಯಾಗಿದ್ದವರು ಯಳಂದೂರು ಶಾಖೆಯ ಅದೇ ಗುಮಾಸ್ತರು. ಅವರು ಮಗ್ಗದ ಮುಂದೆ ನಿಂತು ನಾಲ್ಕು ಪುಟವನ್ನೂ ನಿಧಾನವಾಗಿ ಓದಿ ಮುಗಿಸಿ, ಜೇಬಿನಿಂದ ಪೆನ್ನು ತೆಗೆದು, "ಎಲ್ಲಿ ಸೈನ್ ಹಾಕ್ಬೇಕು?" ಅಂದರು.

"ಸೈನ್ ಅಲ್ರೀ, ರಿಪೇರಿ ಮಾಡ್ಬೇಕು," ಅಂದರು ಅಧ್ಯಕ್ಷರು.

"ನಾನಾ?" ಗುಮಾಸ್ತರು ಒಂದು ಬೆರಳನ್ನು ಮಗ್ಗದ ಮೇಲಿದ್ದ ಅರ್ಧ ನೇಯ್ದ ಸೀರೆಯ ಎಳೆಯ ಹತ್ತಿರ ಒಯ್ದು ಹಿಂದಕ್ಕೆ ತೆಗೆದುಕೊಂಡರು. "ಯಾರದೋ ಮದುವೆ ಸೀರೆ ಸರ್. ನಾನು ಮುಟ್ಟಲ್ಲ."

ಎಷ್ಟು ಹೇಳಿದರೂ ಅವರು ಮುಟ್ಟಲಿಲ್ಲ. ಅಧ್ಯಕ್ಷರು ಫಾರಂ ಕೈಗೆತ್ತಿಕೊಂಡರು. ಆ ಹೆಣ್ಣುಮಗಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು. ಇಡೀ ವರ್ಷದಲ್ಲಿ ಸರಿಯಾಗಿ ನಡೆದ ಒಂದೇ ಕೆಲಸ ಅದು, ಅದೇ ಸೋಲುವಂತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಮೇಸ್ತ್ರಿ. ಕೆಟ್ಟ ಮಗ್ಗವನ್ನು ಹಾಗೇ ಬಿಟ್ಟು ಅಷ್ಟು ಹೊತ್ತು ಕೂರಲು ಅವರಿಂದ ಆಗಿರಲಿಲ್ಲ.

"ಮೇಸ್ತ್ರಿ, ನೀವು ಸಹಾಯ ಮಾಡಂಗಿಲ್ಲ," ಎಂದು ಕಾರ್ಯದರ್ಶಿಗಳು ಅಡ್ಡ ನಿಂತರು.

"ಸಾಯ ಅಲ್ಲ ಸಾ, ರಿಪೇರಿ," ಎಂದು ಮೇಸ್ತ್ರಿ ಅವರನ್ನು ಬಳಸಿಕೊಂಡು ಒಳಗೆ ಬಂದರು. ಮಗ್ಗವನ್ನು ಮುಟ್ಟಿದರು, ಬಡಿದು ಕಿವಿಗೊಟ್ಟರು, ಎರಡು ಸುತ್ತು ಬಂದರು. ಆಮೇಲೆ ತಲೆ ಕೆರೆದುಕೊಂಡು ನಿಂತುಬಿಟ್ಟರು. ಮೇಸ್ತ್ರಿ ತಲೆ ಕೆರೆದುಕೊಂಡದ್ದನ್ನು ಶೆಡ್ಡಿನಲ್ಲಿ ಯಾರೂ ಕಂಡಿರಲಿಲ್ಲ.

"ಇದೇನ್ ಸಾ ಇದು? ತಾನಾಗಿ ಕೆಟ್ಟ ಮಗ್ಗ ಇಂಗ್ ಕೆಡಲ್ಲ. ಒಂದ್ ಕೆಟ್ರೆ ಇನ್ನೊಂದ್ ನೆಟ್ಗಿರ್ತದೆ. ಇದ್ರಲ್ಲಿ ಎಲ್ಲಾ ಸಾಲಾಗಿ ಕೆಟ್ಟವೆ. ಯಾರೋ ಓದ್ಕಂಡಿರೋರು ಕೆಡ್ಸವ್ರೆ."

ನಾನೂ ಫೀಲ್ಡ್‌ಮ್ಯಾನೂ ಸೂರು ನೋಡಿದೆವು.

"ಅವ್ವಾ," ಎಂದರು ಮೇಸ್ತ್ರಿ, "ಅದೇನೋ ಬರ್ದಿದ್ದಲ್ಲ, ಕನ್ನಡಕ ತಂದಿಲ್ಲ ನಾನು, ಓದು ನೋಡವ."

ಆಕೆ ಓದಿದರು, ಅವರು ಮಾಡಿದರು. ಒಂಬತ್ತನೇ ಹಂತಕ್ಕೆ ಕೈ ನಿಲ್ಲಿಸಿ, "ಬಲೇ ಚೆನ್ನಾಗದೆ, ಯಾರ್ ಏಳ್ಕೊಟ್ರು ನಿಂಗಿದ?" ಅಂದರು.

"ನೀವೇ ಮೇಸ್ತ್ರಿ."

"ನಾನಾ? ನಾನ್ಯಾವಾಗ ಬಾಯ್ ಬುಟ್ಟೆ?"

ಹದಿನೇಳನೇ ಹಂತ ಮುಗಿದು ಲಾಳಿ ಓಡಿತು, ಅಂಚಿನ ಹೂವು ಎದ್ದಿತು. ಈಗ ಫಾರಂ ತುಂಬಬೇಕು. ಅದರಲ್ಲಿದ್ದ ಪ್ರಶ್ನೆ: ಮೇಸ್ತ್ರಿಯ ತಿಳಿವಳಿಕೆಯ ನೆರವಿಲ್ಲದೆ, ಟಿಪ್ಪಣಿಯಿಂದಲೇ ರಿಪೇರಿ ಆಯಿತೇ? ಹೌದು ಅಥವಾ ಇಲ್ಲ. ಅಧ್ಯಕ್ಷರು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. ರಿಪೇರಿ ಮಾಡಿದವರು ಮೇಸ್ತ್ರಿಯೇ.

"ಮೇಸ್ತ್ರಿ, ನಿಜ ಹೇಳಿ. ಇದ್ರಲ್ಲಿ ನಿಮ್ಮ ತಿಳಿವಳಿಕೆ ಎಷ್ಟು?"

"ನನ್ ತಿಳುವಳ್ಕೆ ಏನ್ ಬಂತು ಸಾ? ನಂಗೊಂದೂ ಗೊತ್ತಾಗ್ನಿಲ್ಲ. ಆ ಯವ್ವ ಓದ್ತು, ನಾನ್ ಮಾಡ್ದೆ."

ಅಧ್ಯಕ್ಷರು 'ಹೌದು' ಎಂಬುದಕ್ಕೆ ಗುರುತು ಹಾಕಿದರು. ಒಪ್ಪಂದ ಮುಂದುವರಿಯಿತು. ಆಕೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾನೂ ಸುಮ್ಮನೆ ಒಂದೆರಡು ಸಲ ಕೆಮ್ಮಿದೆ.

ಎಲ್ಲರೂ ಹೊರಟಾಗ ಮೇಸ್ತ್ರಿ ಆಕೆಯನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಹೇಳಿದರು.

"ಅವ್ವಾ, ನಂಗೂ ಅದ್ರುದ್ದೊಂದ್ ಜೆರಾಕ್ಸ್ ಕೊಟ್ಬುಡು. ರಿಟೇರಾದ್ಮೇಲೆ ಯಾರಾರ ಮನೆಗ್ ಬಂದು ಕೇಳುದ್ರೆ, ನಾನ್ ಏನ ನೋಡ್ಕಂಡು ಏಳಾನೆ?"