ಸುತ್ತಿಗೆ ಪುಟದ ಮೇಲೆ ಕೂತ ತಡೆಯಪ್ಪ

ಬಹಳ ಹಿಂದೆ, ಅಂದರೆ ಮೊನ್ನೆಯ ಮಂಗಳವಾರಕ್ಕೂ ಮುಂಚೆ, ಏಕಕೋಶಪುರವೆಂಬ ಒಂದು ರಾಜ್ಯವಿತ್ತು. ಅದರ ಕೀರ್ತಿ ಸಮಸ್ತ ಭೂಮಂಡಲವನ್ನೂ ವ್ಯಾಪಿಸಿತ್ತೆಂದು ಅದರ ಶಾಸನಗಳು ಸಾರುತ್ತವೆ. ಸೂಜಿಯ ಮೊನೆಯ ಮೇಲೆ ಅಂಥ ನೂರು ರಾಜ್ಯಗಳು ಹಿಡಿಸುತ್ತಿದ್ದವೆಂಬ ಸಂಗತಿಯನ್ನು ಮಾತ್ರ ಶಾಸನಗಳು ಎತ್ತುವುದಿಲ್ಲ. ಜೀವಶಾಸ್ತ್ರದ ಮೇಷ್ಟ್ರುಗಳು ಇಂಥದ್ದನ್ನು ಬ್ಯಾಕ್ಟೀರಿಯಾ ಎಂದು ಕರೆಯುತ್ತಾರೆ. ಮೇಷ್ಟ್ರುಗಳಿಗೆ ರಾಜಮರ್ಯಾದೆ ತಿಳಿಯದು, ಬಿಡಿ.

ಆ ರಾಜ್ಯದ ನಟ್ಟನಡುವೆ ವಂಶವಾಹಿ ಎಂಬ ಮಹಾಗ್ರಂಥವೊಂದು ಬಿಚ್ಚಿಕೊಂಡು ಮಲಗಿತ್ತು. ರಾಜ್ಯದಲ್ಲಿ ಏನೇನು ಮಾಡಬಹುದೋ ಅದನ್ನೆಲ್ಲ ಮಾಡುವ ಬಗೆ ಅದರಲ್ಲಿ ಪುಟಕ್ಕೊಂದರಂತೆ ಬರೆದಿತ್ತು. ಪುಟ ತೆರೆದಿದ್ದರೆ ನಕಲುಗಾರರು ಓಡಿಬಂದು ನಕಲು ಇಳಿಸಿ ಪಕ್ಕದ ಕಾರ್ಖಾನೆಗೆ ಕೊಡುತ್ತಿದ್ದರು. ಕಾರ್ಖಾನೆಯವರು ನಕಲಿನಲ್ಲಿದ್ದುದನ್ನು ಕಣ್ಣುಮುಚ್ಚಿ ಮಾಡಿಬಿಡುತ್ತಿದ್ದರು. ಯಾಕೆ, ಎಷ್ಟು, ಯಾರಿಗೆ ಎಂದು ಕೇಳುವ ಅಧಿಕಾರ ಅವರಿಗಿರಲಿಲ್ಲ. ಹಾಗಾಗಿ ಬೇಡದ ಹೊತ್ತಿನಲ್ಲಿ ಬೇಡದ ಪುಟ ತೆರೆದುಕೊಳ್ಳದಂತೆ ನೋಡಿಕೊಳ್ಳುವುದೇ ಅಲ್ಲಿಯ ಆಡಳಿತದ ಗುಟ್ಟು. ಅದಕ್ಕೆ ಹಿರಿಯರು ಒಂದು ಉಪಾಯ ಮಾಡಿದ್ದರು: ಪುಟದ ಮೇಲೆ ಒಬ್ಬ ಮನುಷ್ಯನನ್ನು ಕೂರಿಸುವುದು. ಅಯ್ಯೋ, ಪುಸ್ತಕದ ಮೇಲೆ ಕೂರಬಹುದೇ ಎಂದು ನೀವು ಕೆನ್ನೆ ಬಡಿದುಕೊಳ್ಳಬೇಡಿ. ಮೊದಲು ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆಯೇ ಕೂರುತ್ತಿದ್ದರು.

ನಮ್ಮ ತಡೆಯಪ್ಪ ಕೂತದ್ದು ಸುತ್ತಿಗೆಯ ಪುಟದ ಮೇಲೆ. ಅಪರೂಪಕ್ಕೊಮ್ಮೆ ಪರದೇಶದಿಂದ ಹಾಲಿನ ಪೇಡದ ಗಾಡಿ ಬರುತ್ತಿತ್ತು. ದಾರಿಯಲ್ಲೇ ಒಣಗಿ ಕಲ್ಲಾಗಿರುತ್ತಿದ್ದ ಆ ಪೇಡವನ್ನು ಸುತ್ತಿಗೆಯಿಂದ ಒಡೆದರೆ ಮಾತ್ರ ತಿನ್ನಬಹುದಿತ್ತು. ಗಾಡಿ ಬಂದೊಡನೆ ಮೊದಲ ಪೇಡವನ್ನು ತಡೆಯಪ್ಪನ ಕೈಗಿಡುವುದು ಪದ್ಧತಿ. ಕೈಗೆ ಪೇಡ ಬಂತೆಂದರೆ ಅವನು ಏಳಲೇಬೇಕು, ಗ್ರಂಥದ ಮೇಲೆ ಎಂಜಲು ಬೀಳಬಾರದಲ್ಲ! ಅವನು ಅಂಗಳದಲ್ಲಿ ನಿಂತು ಚೀಪುವಷ್ಟರಲ್ಲಿ ಪುಟ ತೆರೆದು, ನಕಲು ಇಳಿದು, ಸುತ್ತಿಗೆ ತಯಾರು. ಪೇಡ ಮುಗಿದೊಡನೆ ಕೈಬಾಯಿ ತೊಳೆದು ಬಂದು ಕೂರುತ್ತಿದ್ದ, ಸುತ್ತಿಗೆಯ ಕೆಲಸ ಅಲ್ಲಿಗೆ ಬಂದ್. ಕಡತವಿಲ್ಲ, ಸಭೆಯಿಲ್ಲ, ಟೆಂಡರಿಲ್ಲ. ಇಷ್ಟು ಸಲೀಸಾಗಿ ನಡೆಯುವ ಆಡಳಿತವನ್ನು ಕಂಡರೆ ಯಾವ ದೊರೆಗೆ ತಾನೇ ಹೊಟ್ಟೆ ಉರಿಯದು?

ಆ ಊರಿನ ಹೊಟ್ಟೆ ತುಂಬುತ್ತಿದ್ದುದು ಬೆಲ್ಲದಿಂದ. ಬೆಲ್ಲದ ಪುಟದ ಮೇಲೆ ಯಾರೂ ಕೂರುತ್ತಿರಲಿಲ್ಲ, ಅದು ಸದಾ ತೆರೆದಿರಬೇಕಾದ ಪುಟ. ಒಂದು ಸುತ್ತಿಗೆ ತಯಾರಿಸಬೇಕಾದರೂ ಕೆಲಸದವರು ಒಂದು ಅಚ್ಚು ಬೆಲ್ಲ ತಿನ್ನಬೇಕಿತ್ತು. ಕಾರ್ಖಾನೆಯ ಮೇಸ್ತ್ರಿ ಚಿಕ್ಕತಾಯಮ್ಮ ತಡೆಯಪ್ಪನ ಹೆಂಡತಿ. ಗಂಡ ಕೂತಿದ್ದರೆ ಊರಿನ ಬೆಲ್ಲ ಉಳಿಯುತ್ತದೆ ಎಂಬ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಕೂತಿದ್ದಕ್ಕೆ ಹೆಮ್ಮೆಪಟ್ಟ ಹೆಂಗಸು ಚರಿತ್ರೆಯಲ್ಲಿ ಇವಳೊಬ್ಬಳೇ ಇರಬೇಕು.

ಹೀಗಿರಲಾಗಿ ಶ್ರೀಮನ್ಮಹಾರಾಜ ಏಕಕೋಶೇಂದ್ರರಿಗೆ ಅಧ್ಯಯನ ಪ್ರವಾಸದ ಬಯಕೆಯಾಯಿತು. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ ಬಲ್ಲವರು. ತಾವು ಕೋಶದಲ್ಲೇ ಹುಟ್ಟಿದ್ದರಿಂದ ಓದುವ ಭಾಗ ಮುಗಿದಂತೆಯೇ ಎಂದು ತೀರ್ಮಾನಿಸಿದ ಪ್ರಭುಗಳು ಸುತ್ತಲು ಹೊರಟರು. ಜೊತೆಗೆ ಮಹಾಮಂತ್ರಿ ಹೌದಪ್ಪ. ಹೋದದ್ದು ಬಹುಕೋಶ ಸಾಮ್ರಾಜ್ಯಕ್ಕೆ.

ಹೋಳಿಗೆ ಊಟದ ಮೇಲೆ ಅಲ್ಲಿಯ ಅಧಿಕಾರಿಯೊಬ್ಬ ವಿವರಿಸತೊಡಗಿದ: “ನಮ್ಮಲ್ಲಿ ಕೋಟಿಗಟ್ಟಲೆ ಅರಮನೆಗಳಿವೆ ಮಹಾಪ್ರಭು. ಪ್ರತಿ ಅರಮನೆಯಲ್ಲೂ ಇಡೀ ಗ್ರಂಥ ಇದೆ. ಆದರೆ ಕಣ್ಣಿನ ಕೇರಿಯವರು ಉಗುರಿನ ಪುಟ ತೆರೆಯೋ ಹಾಗಿಲ್ಲ. ತೆರೆದರೆ ಕಣ್ಣಲ್ಲಿ ಉಗುರು ಬೆಳೆಯುತ್ತೆ. ಅದಕ್ಕೇ ಬೇಡದ ಪುಟಗಳನ್ನ ಉರುಳೆಗೆ ಸುತ್ತಿ ಮುದ್ರೆ ಒತ್ತಿಟ್ಟಿದ್ದೀವಿ. ತೆರೀಬೇಕು ಅಂದರೆ ದೂರದಿಂದ ಶಿಫಾರಸು ಬರಬೇಕು. ನಕಲಲ್ಲಿ ನುಸುಳಿರೋ ಬೇಡದ ಸಾಲುಗಳನ್ನ ಕತ್ತರಿಸಬೇಕು. ಆಮೇಲೆಯೇ ಕಾರ್ಖಾನೆಗೆ. ಒಟ್ಟಿನಲ್ಲಿ ಮುಚ್ಚಿಡೋದೇ ನಮ್ಮ ಆಡಳಿತ.”

ಪ್ರಭುಗಳು ಎರಡನೆಯ ವಾಕ್ಯದವರೆಗೆ ಎಚ್ಚರವಾಗಿದ್ದರು. ಗೊರಕೆ ಮುಗಿಸಿ ಎದ್ದವರೇ, “ಇಡೀ ಗ್ರಂಥ! ಕೇಳಿದಿರಾ ಹೌದಪ್ಪನವರೇ? ಇಲ್ಲಿ ಇಡೀ ಗ್ರಂಥವನ್ನೇ ಬಳಸುತ್ತಾರೆ. ಅದಕ್ಕೇ ಇಷ್ಟು ದೊಡ್ಡವರಾಗಿದ್ದಾರೆ. ನಾವೋ, ಪುಟಗಳ ಮೇಲೆ ಕುಂಡೆ ಇಡಿಸಿದ್ದೇವೆ!” ಎಂದರು.

“ಹೌದು ಮಹಾಪ್ರಭು. ನಿದ್ದೆಯಲ್ಲೂ ತಮ್ಮ ಕಿವಿ ದೂರದೃಷ್ಟಿಯುಳ್ಳದ್ದು,” ಎಂದ ಹೌದಪ್ಪ.

ಊರಿಗೆ ಮರಳಿದ ದಿನವೇ ತಪಾಸಣೆ ನಡೆಯಿತು. ದೊರೆಯ ಪರಿವಾರ ನೇರವಾಗಿ ಬಂದು ನಿಂತದ್ದು ತಡೆಯಪ್ಪನ ಮುಂದೆ.

“ಏನು ಮಾಡುತ್ತಿದ್ದೀಯೆ?”

“ಕೂತಿದೀನಿ ಬುದ್ಧೀ.”

“ಎಷ್ಟು ಕಾಲದಿಂದ?”

“ಇಪ್ಪತ್ತೆರಡು ವರ್ಷ ಆಯ್ತು ಬುದ್ಧೀ. ನಮ್ಮಪ್ಪನೂ ಇಲ್ಲೇ ಕೂತಿದ್ದ.”

“ವಂಶಪಾರಂಪರ್ಯವಾಗಿ ಕೂತು ತಿನ್ನುತ್ತಿದ್ದೀರಿ!”

ತಡೆಯಪ್ಪನಿಗೆ ನಿಜಕ್ಕೂ ನೋವಾಯಿತು. “ದೇವರಾಣೆಗೂ ಇಲ್ಲ ಬುದ್ಧೀ! ತಿನ್ನೋವಾಗ ಎದ್ದು ನಿಂತ್ಕೋತೀನಿ,” ಎಂದ.

ಕೆಲಸದ ಹೊತ್ತಿನಲ್ಲಿ ಕೂರುತ್ತಾನೆ, ತಿನ್ನುವುದಕ್ಕೆ ಮಾತ್ರ ಏಳುತ್ತಾನೆ ಎಂದು ಹೌದಪ್ಪ ಅವನ ಬಾಯಿಂದಲೇ ತಪ್ಪೊಪ್ಪಿಗೆ ಬರೆಸಿಕೊಂಡ. ಸಂಜೆಯೊಳಗೆ ಡಂಗುರ ಹೊಡೆಸಿದ್ದಾಯಿತು: “ಕೇಳ್ರಪ್ಪೋ ಕೇಳಿ! ಇನ್ನುಮುಂದೆ ನಿಲ್ಲುವುದೇ ರಾಜ್ಯದ ನಿಲುವು! ಯಾವ ನೌಕರನೂ ಯಾವ ಪುಟದ ಮೇಲೂ ಕೂರತಕ್ಕದ್ದಲ್ಲ! ಇದು ತೆರೆದ ಪುಟಗಳ ಪಾರದರ್ಶಕ ಸರ್ಕಾರ!”

ಪ್ರಾಯೋಗಿಕ ಯೋಜನೆಯಾಗಿ ಸುತ್ತಿಗೆಯ ಪುಟವನ್ನೇ ಮೊದಲು ಆರಿಸಿದರು. ತಡೆಯಪ್ಪ ಎದ್ದ. ಗಾಡಿ ಬಂದಿರಲಿಲ್ಲ, ಪೇಡದ ವಾಸನೆಯೂ ಇರಲಿಲ್ಲ, ಆದರೂ ನಕಲುಗಾರರು ನುಗ್ಗಿದರು. ಮೊದಲ ದಿನ ಇನ್ನೂರು ಸುತ್ತಿಗೆ, ವಾರದೊಳಗೆ ಹತ್ತು ಸಾವಿರ. ಬೀದಿಯಲ್ಲಿ ಸುತ್ತಿಗೆ, ಬಚ್ಚಲಲ್ಲಿ ಸುತ್ತಿಗೆ, ದೇವರ ಗೂಡಿನಲ್ಲೂ ಸುತ್ತಿಗೆ. ತಲಾ ಸುತ್ತಿಗೆ ಲಭ್ಯತೆಯಲ್ಲಿ ಏಕಕೋಶಪುರವು ಬಹುಕೋಶ ಸಾಮ್ರಾಜ್ಯವನ್ನು ಹಿಂದಿಕ್ಕಿತೆಂದು ಹೌದಪ್ಪ ಆಸ್ಥಾನದಲ್ಲಿ ಅಂಕಿಅಂಶ ಮಂಡಿಸಿದಾಗ ಪ್ರಭುಗಳ ಕಣ್ಣು ಒದ್ದೆಯಾಯಿತು.

ಚಿಕ್ಕತಾಯಮ್ಮನ ಕಣ್ಣೂ ಒದ್ದೆಯಾಗಿತ್ತು. ಉಗ್ರಾಣದ ಬೆಲ್ಲ ತಳ ಕಾಣುತ್ತಿತ್ತು.

“ರೀ, ನಕಲು ಬಂದ ಮೇಲೆ ನಾನು ಇಲ್ಲ ಅನ್ನೋ ಹಾಗಿಲ್ಲ. ದಿನಾ ಹುಟ್ಟೋ ಬೆಲ್ಲಾನೆಲ್ಲ ಆ ಹಾಳು ಸುತ್ತಿಗೇನೇ ನುಂಗ್ತಾ ಇದೆ,” ಎಂದಳು ಗಂಡನಿಗೆ. “ಹೀಗೇ ಆದ್ರೆ ಹದಿನೈದು ದಿನಕ್ಕೆ ಊರಿಗೂರೇ ಉಪವಾಸ. ಏನಾದ್ರೂ ಮಾಡಿ, ಹೋಗಿ ಕೂತ್ಕೊಳ್ಳಿ.”

“ಕೂತ್ರೆ ಜೈಲಿಗೆ ಹಾಕ್ತಾರೆ ಕಣೇ.”

“ಜೈಲಲ್ಲಾದ್ರೂ ಕೂರಕ್ಕೆ ಬಿಡ್ತಾರಲ್ಲ!”

ಮರುದಿನ ಮಟಮಟ ಮಧ್ಯಾಹ್ನ ತಡೆಯಪ್ಪ ಗ್ರಂಥವನ್ನು ಕಣ್ಣಿಗೊತ್ತಿಕೊಂಡು ಸುತ್ತಿಗೆಯ ಪುಟದ ಮೇಲೆ ಕೂತೇಬಿಟ್ಟ. ಆಹಾ, ಎಂಥ ನೆಮ್ಮದಿ! ಕಾರ್ಖಾನೆಯ ಸದ್ದು ತಣ್ಣಗಾಯಿತು. ಊರಿನ ಬೆಲ್ಲ ಅರ್ಧ ಗಂಟೆ ಉಳಿಯಿತು. ಅಷ್ಟರಲ್ಲಿ ನಿಲುವು ಪಾಲನಾ ದಳದವರು ಬಂದು ಅವನನ್ನು ತೋಳು ಹಿಡಿದು ಎತ್ತಿ, ಕೂತ ಭಂಗಿಯಲ್ಲೇ ಆಸ್ಥಾನಕ್ಕೆ ಹೊತ್ತುಕೊಂಡು ಹೋದರು, ಸಾಕ್ಷಿ ಕೆಡಬಾರದೆಂದು.

“ಕೂರಬಾರದೆಂದು ಆಜ್ಞೆಯಿದ್ದರೂ ಕೂತೆಯಾ?” ಎಂದು ಗುಡುಗಿದರು ಪ್ರಭುಗಳು.

ತಡೆಯಪ್ಪ ಹೆದರಿದ. ಆದರೆ ಮುಂದೆ ಉಪವಾಸ ಬೀಳಲಿರುವ ಊರು ಕಣ್ಣೆದುರು ಬಂದು, ಹೆದರಿಕೆಯ ಜಾಗದಲ್ಲಿ ಸಿಟ್ಟು ಉಕ್ಕಿತು. “ತಪ್ಪಾಯ್ತು ಬುದ್ಧೀ. ಆದ್ರೆ ತಾವೂ ಈಗ ಕೂತೇ ಇದೀರಲ್ಲಾ?” ಎಂದುಬಿಟ್ಟ.

ಪ್ರಭುಗಳು ತಮ್ಮ ಕೆಳಗೆ ನೋಡಿಕೊಂಡರು. ಸಿಂಹಾಸನವಿತ್ತು, ಅದರ ಮೇಲೆ ತಾವೂ ಇದ್ದರು. ಹೌದಪ್ಪ ಜನ್ಮದಲ್ಲಿ ಮೊದಲ ಬಾರಿಗೆ “ಅಲ್ಲ” ಎಂಬ ಪದವನ್ನು ಉಚ್ಚರಿಸಿದ: “ಅಲ್ಲ! ಪ್ರಭುಗಳು ಕೂರುವುದಿಲ್ಲ. ವಿರಾಜಮಾನರಾಗುತ್ತಾರೆ.”

ತಡೆಯಪ್ಪ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡ. “ಹಂಗಾದ್ರೆ ತಾವೇ ಬಂದು ಆ ಪುಟದ ಮೇಲೆ ವಿರಾಜಮಾನರಾಗಿ ಬುದ್ಧೀ! ನನಗೆ ಕೆಲಸ ಬೇಡ, ಸಂಬಳ ಬೇಡ. ಯಾರಾದ್ರೂ ಅದರ ಮೇಲೆ ಇದ್ರೆ ಸಾಕು, ಜನ ಬದುಕ್ಕೋತಾರೆ.”

ಗ್ರಂಥದ ಮೇಲೆ ವಿರಾಜಮಾನನಾದ ಮೊದಲ ದೊರೆ! ಪ್ರಭುಗಳಿಗೆ ರೋಮಾಂಚನವಾಯಿತು. ಗ್ರಂಥದ ಮೇಲೆಯೇ ಎರಡನೆಯ ಸಲ ಪಟ್ಟಾಭಿಷೇಕವಾಗಬೇಕೆಂದು ನಿಂತ ನಿಲುವಿನಲ್ಲೇ ಅಪ್ಪಣೆಯಾಯಿತು. ತಡೆಯಪ್ಪನನ್ನು ಬಿಟ್ಟುಬಿಟ್ಟರು. ಅವನು ಮನೆಗೆ ಓಡಿ, “ಊರು ಉಳೀತು ಕಣೇ!” ಎಂದು ಹೆಂಡತಿಯ ಮುಂದೆ ಮಗುವಿನಂತೆ ಅತ್ತ.

ಪಟ್ಟಾಭಿಷೇಕದ ದಿನ ಓಲಗ, ತುತ್ತೂರಿ, ಬಂದೂಕಿನ ಸಲಾಮು. ಸುತ್ತಿಗೆಯ ಪುಟದ ಹತ್ತಿರ ಬಂದ ಪ್ರಭುಗಳು ಬಗ್ಗಿ ಕೈಯಾಡಿಸಿ ಮುಖ ಸಿಂಡರಿಸಿದರು. ಪುಟ ಒರಟೊರಟಾಗಿತ್ತು. ಪಕ್ಕದ ಪುಟ ನಕಲುಗಾರರ ಕೈಯಾಡಿ ಆಡಿ ರೇಷ್ಮೆಯಂತೆ ನುಣುಪಾಗಿತ್ತು.

“ಇದು ಯಾವುದು?” ಎಂದು ಕೇಳಿದರು.

“ಅತ್ಯಂತ ಜನಪ್ರಿಯ ಪುಟ ಮಹಾಪ್ರಭು. ಜನಪ್ರಿಯ ದೊರೆಗೆ ಜನಪ್ರಿಯ ಪುಟವೇ ಶೋಭೆ,” ಎಂದ ಹೌದಪ್ಪ.

“ಅದಲ್ಲ ಬುದ್ಧೀ! ಅದು ಬೆಲ್ಲದ್ದು! ಈ ಕಡೇದು, ಈ ಕಡೇದು!” ಎಂದು ತಡೆಯಪ್ಪ ಗಂಟಲು ಹರಿಯುವಂತೆ ಕೂಗಿದ. ಓಲಗದ ಸದ್ದಿನಲ್ಲಿ ಅದು ಜಯಕಾರದಂತೆಯೇ ಕೇಳಿಸಿತು. ಪ್ರಭುಗಳು ಅವನತ್ತ ಪ್ರಸನ್ನವಾಗಿ ಕೈಬೀಸಿ ಬೆಲ್ಲದ ಪುಟದ ಮೇಲೆ ವಿರಾಜಮಾನರಾದರು. ತಲೆಯ ಮೇಲೆ ಕಿರೀಟ ಇಟ್ಟರು. ವಿರಾಜಮಾನರಾದ ದೊರೆ ತಾನಾಗಿ ಏಳುವುದು ಅಪಶಕುನವೆಂದು ಆಸ್ಥಾನದ ಜೋಯಿಸರು ಅಲ್ಲೇ ನುಡಿದರು.

ಬೆಲ್ಲದ ನಕಲು ನಿಂತಿತು. ಸುತ್ತಿಗೆಯ ಪುಟ ತೆರೆದೇ ಇತ್ತು. ಐದನೆಯ ದಿನ ಕೊನೆಯ ಅಚ್ಚು ಬೆಲ್ಲವೂ ಒಂದು ಸುತ್ತಿಗೆಯಾಗಿ ಹೊರಬಂತು. ಪಟ್ಟಾಭಿಷೇಕದ ಸವಿನೆನಪಿಗೆಂದು ಮನೆಮನೆಗೂ ಪಡಿಯ ಬದಲು ಎರಡೆರಡು ಸುತ್ತಿಗೆ ಹಂಚಿದರು. ತೆಗೆದುಕೊಳ್ಳುವವರು ಮೂರು ಸಲ ಜೈ ಎನ್ನುವುದು ಕಡ್ಡಾಯವಾಗಿತ್ತು. ಮೂರನೆಯ ಜೈ ಹೇಳುವ ತ್ರಾಣವಿಲ್ಲದವರಿಗೆ ಒಂದೇ ಸುತ್ತಿಗೆ.

ತಡೆಯಪ್ಪ ಎರಡನ್ನೂ ತಂದು ಹೆಂಡತಿಯ ಮುಂದಿಟ್ಟು ತಲೆತಗ್ಗಿಸಿ ನಿಂತ. “ಇದನ್ನ ಏನು ಮಾಡೋಣ?” ಎಂದ.

ಚಿಕ್ಕತಾಯಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಒಂದನ್ನು ಕೈಯಲ್ಲಿ ತೂಗಿ ನೋಡಿ, ಬೆರಳಿನಿಂದ ತಟ್ಟಿದಳು.

“ನೆನೆಹಾಕ್ತೀನಿ. ನಾಳೆ ಹೊತ್ತಿಗೆ ಮೆತ್ತಗಾದ್ರೆ ಉಣ್ಣೋಣ,” ಎಂದು ಪಾತ್ರೆಗೆ ನೀರು ಸುರಿದಳು.