ಅತ್ತೆ ಫೋನು ಮುಟ್ಟುವ ಮುನ್ನ

ನಾಶಿಕದಲ್ಲಿ ದೂರಸಂಪರ್ಕ ಶಾಸ್ತ್ರದ ಅತ್ಯಂತ ಕಠಿಣ ಪರೀಕ್ಷಕರು ಯಾವ ಕಾಲೇಜಿನಲ್ಲೂ ಇಲ್ಲ. ಅವರು ಸಾತಪುರದ ಎರಡು ಕೋಣೆಯ ಮನೆಯೊಂದರಲ್ಲಿ ರೊಟ್ಟಿ ಬಡಿಯುತ್ತಿರುತ್ತಾರೆ! ಅವರು ನನ್ನ ಸೋದರತ್ತೆ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆಂಬುದು ತಿಳಿಯುವವರೆಗೆ ಅದನ್ನು ಬಳಸುವುದಿಲ್ಲವೆಂಬ ವ್ರತ ಹಿಡಿದವರು. ಪ್ರೆಶರ್ ಕುಕ್ಕರ್ ಮನೆಗೆ ಬಂದ ಹೊಸದರಲ್ಲಿ ಒಂದಿಡೀ ಶ್ರಾವಣ ಅದು ಕಪಾಟಿನ ಮೇಲೆ ಕುಳಿತು ಉಪವಾಸ ಮಾಡಿತಂತೆ. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಮಾವ ಅದರ ಸೀಟಿಯನ್ನು ಬಿಚ್ಚಿ, ಉಗಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ತಡೆಯುತ್ತದೆ, ಯಾವಾಗ ಹೊರಬೀಳುತ್ತದೆ ಎಂಬುದನ್ನೆಲ್ಲ ತೋರಿಸಿದ ಮೇಲೆಯೇ ಅದರೊಳಗೆ ಬೇಳೆ ಬಿದ್ದದ್ದು. ವಿಮಾನ ಜೋಡಿಸುವುದು ಸುಲಭ, ಇವಳಿಗೆ ಕುಕ್ಕರ್ ವಿವರಿಸುವುದು ಕಷ್ಟ ಎಂದು ಮಾವ ಇಂದಿಗೂ ಹೇಳುತ್ತಾರೆ. ಮೆಲ್ಲಗೆ ಹೇಳುತ್ತಾರೆ.

ಇಂಥವರ ಮನೆಗೆ ಮೊಬೈಲ್ ಫೋನು ಬಂದರೆ ಏನಾಗಬೇಕು?

ಅದು ಬಂದದ್ದು ನನ್ನ ಅಪ್ಪನ ಸಲುವಾಗಿ. ಅಪ್ಪ ಆಗ ಪೈಠಣದ ಬಳಿ ಕಟ್ಟಡದ ಕೆಲಸದ ಮೇಲಿದ್ದರು. ಅವ್ವ ಮತ್ತು ನನ್ನ ತಮ್ಮ ಬಿಜಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ. ತಾಯಿಯಿಲ್ಲದ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಈ ಅತ್ತೆ. ರಜೆಯಿಲ್ಲದ ಕೆಲಸವಾದ್ದರಿಂದ ಅಕ್ಕ-ತಮ್ಮ ಒಬ್ಬರ ಮುಖ ಒಬ್ಬರು ನೋಡಿ ವರ್ಷದ ಮೇಲಾಗಿತ್ತು. ದನಿಯನ್ನಾದರೂ ಕೇಳೋಣವೆಂದು ಅಪ್ಪ ಅಲ್ಲೊಂದು ಫೋನು ಕೊಂಡರು. ಅವರ ಒತ್ತಾಯಕ್ಕೆ ಮಾವ ಇಲ್ಲೊಂದು ಕೊಂಡರು. ಪ್ರತಿ ರವಿವಾರ ಅಪ್ಪ ಕೇಳುತ್ತಿದ್ದುದು ಒಂದೇ ಮಾತು: “ಅಕ್ಕ ಮಾತಾಡ್ತಾಳೇನ್ರಿ?”

ಮಾವ ಫೋನನ್ನು ಚಾಚಿದರೆ ಅತ್ತೆ ಹಿಟ್ಟು ಹತ್ತಿದ ಕೈಯಿಂದ ಅದನ್ನು ದೂರ ಸರಿಸುತ್ತಿದ್ದರು. “ನನ್ನ ಮಾತು ಇಲ್ಲಿಂದ ಹೊಂಟ್ರ ಎಲ್ಲಿಗಿ ಹೋಗ್ತದ, ಯಾರ ಕೈಯಾಗ ಸಿಗ್ತದ, ಗೊತ್ತಿಲ್ಲದ ಬಾಯಿ ತೆಗಿಯಾಕಿ ಅಲ್ಲ ನಾ. ಮೊದಲ ತಿಳೀಲಿ.”

“ಇರ್ಲಿ ಬಿಡ್ರಿ, ನಾ ಆರಾಮ ಅದೀನಂತ ಹೇಳ್ರಿ” ಎಂದು ಅಪ್ಪ ಫೋನಿಡುತ್ತಿದ್ದರು.

ಆ ವರ್ಷವೇ ನಾನು ನಾಶಿಕಕ್ಕೆ ಬಂದು, ಅತ್ತೆಯ ಮನೆಯಲ್ಲಿದ್ದುಕೊಂಡು, ಖಾಸಗಿ ಸಂಸ್ಥೆಯೊಂದರಲ್ಲಿ ಆಧುನಿಕ ಧ್ವನಿ ಮತ್ತು ದತ್ತಾಂಶ ಜಾಲಗಳ ಮೂಲತತ್ತ್ವಗಳನ್ನು ಕಲಿಯತೊಡಗಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಮೊದಲ ಪದವೀಧರರಿಗೆ ಒಂದು ತೊಂದರೆಯುಂಟು: ತಪ್ಪು ಹೇಳಿದರೆ ತಿದ್ದುವವರು ಮನೆಯಲ್ಲಿ ಯಾರೂ ಇರುವುದಿಲ್ಲ, ಆದ್ದರಿಂದ ತಪ್ಪು ಹೇಳಲೇಬಾರದು. ಹೀಗಾಗಿ ನಾನು ಪುಸ್ತಕದ ವಾಕ್ಯಗಳನ್ನು ಅಲ್ಪವಿರಾಮ ಸಮೇತ ಒಪ್ಪಿಸುವವಳು. ಇದನ್ನು ತಿಳಿದೇ ಇರಬೇಕು, ಅಪ್ಪ ನನಗೆ ಅಪ್ಪಣೆ ಮಾಡಿದರು: “ಅಷ್ಟು ಓದೀಯಲ್ಲ, ನಿಮ್ಮತ್ತಿಗಿ ನೀನ ತಿಳಿಸಿ ಹೇಳವಾ. ಒಮ್ಮೆರೆ ಮಾತಾಡ್ಲಿ.”

ಮೊದಲ ಪಾಠ ಹಳೆಯ ಪದ್ಧತಿಯ ಕುರಿತು. “ಸಂಭಾಷಣೆ ಮುಗಿಯುವವರೆಗೆ ಇಬ್ಬರ ನಡುವಣ ಮಾರ್ಗವನ್ನು ಕಾದಿರಿಸಲಾಗುತ್ತದೆ” ಎಂದೆ.

“ಇಬ್ರೂ ಸುಮ್ನ ಕುಂತ್ರೂ?”

“ಸುಮ್ನ ಕುಂತ್ರೂರಿ.”

“ಅಂದ್ರ ಎಸ್ಟಿ ಬಸ್ಸಿನ ಕಿಡಕ್ಯಾಗಿಂದ ಸೀಟಿನ ಮ್ಯಾಲ ಟಾವೆಲ್ ಒಗದಂಗ. ಕೂಡಾಂವ ಬರ್ಲಿ ಬಿಡ್ಲಿ, ಸೀಟು ಅವಂದ.”

ಉದಾಹರಣೆ ಸರಿಯೋ ತಪ್ಪೋ ಎಂದು ನಾನು ಪುಸ್ತಕ ತಿರುವಿ ನೋಡಿದೆ. ಟವೆಲಿನ ಪ್ರಸ್ತಾಪ ಅದರಲ್ಲಿರಲಿಲ್ಲ.

ಎರಡನೆಯ ಪಾಠದಲ್ಲಿ ಹೊಸ ಪದ್ಧತಿಗೆ ಬಂದೆ. ಮಾತನ್ನು ಸಣ್ಣ ಸಣ್ಣ ತುಣುಕುಗಳನ್ನಾಗಿ ಮಾಡಿ, ಪ್ರತಿಯೊಂದಕ್ಕೂ ಸಂಖ್ಯೆ ಮತ್ತು ವಿಳಾಸ ಹಚ್ಚಿ, ಯಾವ ದಾರಿ ತೆರವಾಗಿದೆಯೋ ಆ ದಾರಿಯಲ್ಲಿ ಕಳಿಸುತ್ತಾರೆ. ಆ ತುದಿಯಲ್ಲಿ ಮತ್ತೆ ಜೋಡಿಸುತ್ತಾರೆ ಎಂದು ವಿವರಿಸಿದೆ. ಅತ್ತೆಯ ಕೈ ರೊಟ್ಟಿಯ ಮೇಲೆಯೇ ನಿಂತಿತು.

“ನನ್ನ ಮಾತು ಕತ್ತರಸ್ತಾರ?”

“ಹೌದ್ರಿ.”

“ನಿಮ್ಮ ಮಾಮಾನ ಕೈಲೆ ಇಷ್ಟು ವರ್ಷ ಆಗಲಿಲ್ಲ ಅದು.”

ಮಾವ ಓದುತ್ತಿದ್ದ ಪತ್ರಿಕೆಯನ್ನು ಮುಖದವರೆಗೆ ಎತ್ತಿ ಹಿಡಿದರು.

ಅತ್ತೆ ಬಾಯಿಮಾತನ್ನು ನಂಬುವವರಲ್ಲವಷ್ಟೆ! ಪ್ರಯೋಗ ನಡೆಯಿತು. ಅಪ್ಪನಿಗೆಂದು ಬಡಿದ ಕಡಕ್ ರೊಟ್ಟಿಗಳನ್ನು ಅತ್ತೆ ಮೂರು ಗಂಟುಗಳಾಗಿ ಕಟ್ಟಿ, ಕುಂಕುಮದಿಂದ ಒಂದು ಬೊಟ್ಟು, ಎರಡು ಬೊಟ್ಟು, ಮೂರು ಬೊಟ್ಟು ಇಟ್ಟರು. ಮೊದಲನೆಯದು ಔರಂಗಾಬಾದಿನ (ಈಗಿನ ಛತ್ರಪತಿ ಸಂಭಾಜಿನಗರದ) ಬಸ್ ಕಂಡಕ್ಟರನ ಕೈಯಲ್ಲಿ, ಎರಡನೆಯದು ಈರುಳ್ಳಿ ಲಾರಿಯಲ್ಲಿ, ಮೂರನೆಯದು ಪೈಠಣದ ದಾರಿಯಲ್ಲಿರುವ ಗಂಗಾಪುರಕ್ಕೆ ಹೊರಟಿದ್ದ ನೆರೆಮನೆಯ ಅಳಿಯನ ಚೀಲದಲ್ಲಿ ಹೊರಟವು. ಮೂರನೆಯದು ಮೊದಲು ಮುಟ್ಟಿತು, ಮೊದಲನೆಯದು ಆಮೇಲೆ ಮುಟ್ಟಿತು, ಎರಡನೆಯದರ ಸುಳಿವಿಲ್ಲ. ಕಳೆದುಹೋದ ತುಣುಕನ್ನು ಮತ್ತೆ ಕಳಿಸಬೇಕೆಂಬ ನಿಯಮದಂತೆ ಅತ್ತೆ ಎರಡು ಬೊಟ್ಟಿನ ಇನ್ನೊಂದು ಗಂಟು ಕಳಿಸಿದರು. ಅದು ತಲುಪಿದ ಮರುದಿನವೇ, ಊರೆಲ್ಲ ಸುತ್ತಿದ ಈರುಳ್ಳಿ ಲಾರಿ ಹಳೆಯ ಗಂಟನ್ನೂ ಇಳಿಸಿ ಹೋಯಿತು.

“ನಿಯಮದ ಪ್ರಕಾರ ಹೆಚ್ಚಾದುದನ್ನು ಎಸೆದುಬಿಡಬೇಕು” ಎಂದು ನಾನು ಅಪ್ಪನಿಗೆ ಫೋನಿನಲ್ಲಿ ತಿಳಿಸಿದೆ.

“ಯಾವ ಹುಚ್ಚ ಬರದಾನ ಆ ನಿಯಮ?” ಎಂದರು ಅಪ್ಪ, ಅಗಿಯುತ್ತಲೇ.

ಅಲ್ಲಿಂದ ಮುಂದೆ ರಸೀದಿಯ ಅಧ್ಯಾಯ ಶುರುವಾಯಿತು. ಕಳಿಸಿದ್ದು ತಲುಪಿತೆಂಬ ಮರುಸಂದೇಶ ಬಾರದಿದ್ದರೆ ಕಳಿಸಿದವರು ಮತ್ತೆ ಮತ್ತೆ ಕಳಿಸುತ್ತಾರೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಅತ್ತೆ ಯಾರಿಗೆ ಏನು ಹೇಳಿದರೂ, ಅವರು “ತಲುಪಿತು” ಎನ್ನುವವರೆಗೆ ಅದನ್ನೇ ಹೇಳುವರು. ಮಾವ ಬರಿದೆ ತಲೆದೂಗಿದರೆ ನಡೆಯದು. “ಗೋಣು ಹಾಕಿದ್ರ ನೆಟ್‌ವರ್ಕಿಗಿ ಕಾಣಸ್ತದೇನ?” ಹಾಲಿನವನಿಗೂ ಬಿಡುಗಡೆಯಿಲ್ಲ, ನಾಳೆಗೆ ಹೆಚ್ಚು ಹಾಲು ಹೇಳಿ, ತಲುಪಿತೇ ಎಂದು ಮರಾಠಿಯಲ್ಲಿ ಕೇಳುವರು: “ಉದ್ಯಾ ಅರ್ಧಾ ಲೀಟರ್ ಜಾಸ್ತಿ. ಮಿಳಾಲಾ ಕಾ?” ಕೆಲವೇ ದಿನಗಳಲ್ಲಿ ಆ ಮನುಷ್ಯ ಓಣಿಯ ತಿರುವಿನಿಂದಲೇ “ಮಿಳಾಲಾ ಮಾವಶಿ, ಮಿಳಾಲಾ” ಎಂದು ಕೂಗುತ್ತ ಬರತೊಡಗಿದ. ಸಂದೇಶ ಹೊರಡುವ ಮೊದಲೇ ರಸೀದಿ ಕೊಡುವ ಇಂಥ ಜಾಲವನ್ನು ಜಗತ್ತಿನ ಯಾವ ದೇಶ ಕಟ್ಟಿದೆ, ಹೇಳಿ!

ಇಷ್ಟಾದರೂ ಅತ್ತೆ ಫೋನು ಮುಟ್ಟಲಿಲ್ಲ. ಅಪ್ಪ ಪ್ರತಿ ರವಿವಾರ ಕೇಳುವುದನ್ನೂ ಬಿಡಲಿಲ್ಲ.

ಹೀಗಿರಲು ಒಂದು ರಜೆಯ ದಿನ ಬೆಳಿಗ್ಗೆ ಒಲೆಯ ಮುಂದಿನಿಂದ ಪ್ರಶ್ನೆ ಬಂತು. “ರೊಟ್ಟಿ ತಡ ಆದ್ರೂ ನಡೀತದ. ಕಳದ್ರ ಮತ್ತ ಕಳಸ್ತೀವಿ. ಮಾತಿಗೂ ಹಂಗೇನ?”

ನಾನು ಎದ್ದು ನಿಂತೇ ಉತ್ತರಿಸಿದೆ. ಪರೀಕ್ಷೆಗೆ ಬರುವ ಪ್ರಶ್ನೆ ಅದು. ದತ್ತಾಂಶ ತಡವಾಗಬಹುದು, ಆದರೆ ಒಂದು ತುಣುಕೂ ಕಳೆಯಬಾರದು. ಧ್ವನಿ ಹಾಗಲ್ಲ, ಒಂದೆರಡು ತುಣುಕು ಕಳೆದರೂ ಚಿಂತೆಯಿಲ್ಲ, ತಡವಾಗಬಾರದು. ಹಿಂದುಳಿದ ತುಣುಕನ್ನು ಅಲ್ಲೇ ಬಿಟ್ಟು ಮಾತು ಮುಂದಕ್ಕೆ ಹೋಗುತ್ತದೆ.

“ಬಿಟ್ಟದ್ದನ್ನ ತುಂಬೋರು ಯಾರು?”

“ಕೇಳುವವರ ಕಿವಿಯೇ ತುಂಬಿಕೊಳ್ತದಂತ್ರಿ.”

ಅತ್ತೆ ಒಲೆ ಆರಿಸಿದರು. ಕೈ ತೊಳೆದು ಸೆರಗಿಗೆ ಒರೆಸಿಕೊಂಡರು.

“ಹಚ್ಚು ಫೋನ್” ಎಂದರು.

ಮಾವ ಪತ್ರಿಕೆ ಕೆಳಗಿಟ್ಟರು. ನಾನು ಗುಂಡಿಗಳನ್ನೊತ್ತಿ, ಅಪ್ಪ ಎತ್ತಿದೊಡನೆ ಫೋನನ್ನು ಅತ್ತೆಗೆ ಕೊಟ್ಟೆ.

“ತಮ್ಮಾ” ಎಂದರು ಅತ್ತೆ.

ಆ ತುದಿಯಲ್ಲಿ ಕಾಂಕ್ರೀಟ್ ಕಲಸುವ ಯಂತ್ರ ಗುಡುಗುತ್ತಿತ್ತು. ಸಿಗ್ನಲ್ ಬೇರೆ ಕುಂಟುತ್ತಿತ್ತು. ಪಕ್ಕದಲ್ಲಿ ಕಿವಿಯಿಟ್ಟಿದ್ದ ನನಗೆ ಕೇಳಿದ್ದು ಇಷ್ಟೇ: “ಅಕ್ಕಾ... ನಾ ಆರಾ... ನೀ ಹ್ಯಾಂ... ಊಟ...” ಅತ್ತೆ ನಡುವೆ ಬಾಯಿ ಹಾಕದೆ ಕೇಳಿದರು. “ಹ್ಞೂಂ, ಇಡು” ಎಂದು ಫೋನನ್ನು ನನ್ನ ಕೈಗಿತ್ತರು.

ನನಗೆ ಅಳುವೇ ಬಂದಿತ್ತು. ಇಷ್ಟು ದಿನ ಕಾಯಿಸಿ, ಕಡೆಗೆ ಅರ್ಧ ಮಾತು! “ಅತ್ತೀ, ಸರಿ ಕೇಳಸ್ಲಿಲ್ಲೇನ್ರಿ? ಮತ್ತೊಮ್ಮೆ ಹಚ್ಚತೀನ್ರಿ.”

“ಬ್ಯಾಡ. ಎರಡು ಸೀರಿ ಚೀಲದಾಗ ಹಾಕು. ಪೈಠಣಕ್ಕ ಹೋಗೂಣು. ಅವನಿಗಿ ಮೈಯಾಗ ನೆಟ್ಟಗಿಲ್ಲ.”

“ಆರಾಮ ಅದೀನಿ ಅಂದ್ರಲ್ರಿ ಅಪ್ಪ?”

“ಅನ್ನಲಿ. ನೀ ಚೀಲ ತಗೋ.”

ಮಾವ ಒಂದೂ ಪ್ರಶ್ನೆ ಕೇಳದೆ ಬಸ್ಸಿನ ವೇಳೆ ವಿಚಾರಿಸಲು ಹೊರಟೇಬಿಟ್ಟರು.

ಹೊತ್ತು ಇಳಿಯುವ ವೇಳೆಗೆ ನಾವು ಆ ಕಟ್ಟಡದ ಹಿಂದಿನ ತಗಡಿನ ಶೆಡ್ಡಿಗೆ ಮುಟ್ಟಿದೆವು. ಅಪ್ಪ ಗೋಣಿತಟ್ಟಿನ ಮೇಲೆ ಕಂಬಳಿ ಹೊದ್ದು ಮಲಗಿದ್ದರು; ಜ್ವರದಿಂದ ಕಣ್ಣುಗಳು ಗುಳಿಬಿದ್ದಿದ್ದವು. ನಮ್ಮನ್ನು ಕಂಡು ಮೊಣಕೈಯೂರಿ ಏಳಲು ಹೋಗಿ, ಆಗದೆ, ಹಾಗೆಯೇ ಒರಗಿದರು.

“ಅಕ್ಕಾ, ನಿನಗ ಯಾರು ಹೇಳಿದ್ರು?”

“ನೀನ ಹೇಳ್ದೆಲ್ಲೋ, ಮುಂಜಾನಿ” ಎಂದ ಅತ್ತೆ, ಚಪ್ಪಲಿ ಕಳಚುವುದನ್ನೂ ಮರೆತು, ತಮ್ಮನ ಹಣೆಯ ಮೇಲೆ ಕೈಯಿಟ್ಟು ಕುಳಿತರು.